ಓದಿನ ರಥದಲ್ಲಿ ಲೋಕಯಾತ್ರೆ

(ದೇವಾಲಯದ ಶತಮಾನೋತ್ಸವದ ಅಂಗವಾಗಿ, ಮಕ್ಕಳ ಓದಿನ ಯಾತ್ರೆಯನ್ನು ಪ್ರಾರಂಭಿಸಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯಕ್ಕೆ ಸುಣ್ಣಬಣ್ಣವಾಗಿದೆ, ದೀಪಾಲಂಕಾರವಾಗಿದೆ. ಇವೆಲ್ಲವೂ ಸಂತೋಷದ ಸಂಗತಿಗಳೇ. ಆದರೆ ಮುಂದಿನ ನೂರು ವರ್ಷಗಳ ಭಾರವನ್ನು ಹೊರಬೇಕಾದವರು ಇಲ್ಲಿ ಚಾಪೆಯ ಮೇಲೆ ಕುಳಿತಿರುವ ಈ ಮಕ್ಕಳು. ಈ ಹಬ್ಬ ಅವರಿಗೆ ಏನನ್ನು ಕೊಟ್ಟಿತು ಎಂಬ ಪ್ರಶ್ನೆ ನಮ್ಮನ್ನು ಕಾಡಿತು. ಅದಕ್ಕೆ ಉತ್ತರವಾಗಿಯೇ ಇಂದು ಈ ಓದಿನ ಲೋಕಯಾತ್ರೆಯನ್ನು ಪ್ರಾರಂಭಿಸುತ್ತಿದ್ದೇವೆ.

ಮೊದಲು ನಮ್ಮದೊಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿ ನಾವಿದ್ದಾಗ, ದಾನಿಯೊಬ್ಬರು ಮಕ್ಕಳಿಗೆಂದು ಒಂದು ಬೀರುವಿನ ತುಂಬ ಪುಸ್ತಕಗಳನ್ನು ಕೊಟ್ಟರು. ಹರಿದಾವು, ಕೊಳೆಯಾದಾವು ಎಂಬ ಭಯದಿಂದ ನಾವು ಬೀರುವಿಗೆ ಬೀಗ ಹಾಕಿ ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡೆವು. ಕೇಳಿ ಬಂದ ಮಕ್ಕಳಿಗೆ "ಪರೀಕ್ಷೆ ಮುಗಿಯಲಿ" ಎಂದು ಹೇಳಿ ಕಳುಹಿಸಿದೆವು. ಕೆಲವು ವರ್ಷಗಳಾದ ಮೇಲೆ ಬೀರುವನ್ನು ತೆರೆದರೆ, ಪುಸ್ತಕಗಳನ್ನೆಲ್ಲ ಗೆದ್ದಲು ಓದಿ ಮುಗಿಸಿತ್ತು! ಭಾನುವಾರ ತಪ್ಪದೆ ಪುಸ್ತಕ ಕೇಳುತ್ತಿದ್ದ ಬಾಲಕನೊಬ್ಬ ಅಷ್ಟರಲ್ಲಿ ಶಾಲೆ ಬಿಟ್ಟು ಕೂಲಿಗೆ ಸೇರಿದ್ದನು. ಆ ಬೀಗದ ಕೈ ಇಂದಿಗೂ ನಮ್ಮ ಮೇಜಿನ ಮೇಲಿದೆ. ನಮ್ಮ ಆತ್ಮಶೋಧನೆಗೆ ಅದೊಂದೇ ಸಾಕು.

ಈ ಸಲ ಬೀರುವಿಗೆ ಬೀಗವಿಲ್ಲ. ಪ್ರತಿಯೊಂದು ಮಗುವಿಗೂ ಒಂದು ಪುಟ್ಟ ರಹದಾರಿ ಪುಸ್ತಿಕೆಯನ್ನು ಕೊಡಲಾಗುವುದು. ಒಂದು ನಾಡಿನ ಕುರಿತು ಒಂದು ಪುಸ್ತಕವನ್ನು ಓದಿ, ಭಾನುವಾರ ಪೂಜೆಯ ನಂತರ ಬಂದು, ಅಲ್ಲಿ ಕಂಡದ್ದನ್ನು ಐದು ವಾಕ್ಯಗಳಲ್ಲಿ ಹೇಳಿದರೆ ಆ ನಾಡಿನ ಮುದ್ರೆ ಬೀಳುತ್ತದೆ. ಮೊದಲು ಮುಗಿಸಿದವರಿಗೆ ವಿಶೇಷ ಬಹುಮಾನವಿಲ್ಲ. ಇದು ಓಟದ ಪಂದ್ಯವಲ್ಲ, ಯಾತ್ರೆ. ಅಕ್ಕ ತಮ್ಮನಿಗೆ ಓದಿ ಹೇಳಿದರೆ ಇಬ್ಬರಿಗೂ ಮುದ್ರೆ ಸಲ್ಲುತ್ತದೆ.

ಯಾತ್ರೆ ಎಲ್ಲಿಂದ ಹೊರಡಬೇಕು? ಕೆಂಚಾರ್ಲಹಳ್ಳಿಯ ಹೊಲದಿಂದಲೇ. ನಾವು ದಿನವೂ ಮುದ್ದೆ ಮಾಡಿ ಉಣ್ಣುವ ರಾಗಿ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕದ ಎತ್ತರದ ನಾಡುಗಳಿಂದ ಬಂದದ್ದು. ಚಿಂತಾಮಣಿಯ ಮಾರುಕಟ್ಟೆಗೆ ಹೋಗುವ ಟೊಮೇಟೊ, ಬೆಟ್ಟದ ಬದಿಯ ಕಡಲೆಕಾಯಿ, ಇವೆರಡರ ತವರು ದಕ್ಷಿಣ ಅಮೆರಿಕ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ಬೆಳಗಿಸಿದ ರೇಷ್ಮೆಯ ವಿದ್ಯೆ ಮೊದಲು ಚೀನಾದವರದು. ನಮ್ಮ ನೀಲಗಿರಿ ಮರ ಆಸ್ಟ್ರೇಲಿಯಾದ್ದು. ಲೋಕವೇ ನಮ್ಮ ಹೊಲಕ್ಕೆ ಬಂದು ನಿಂತಿರುವಾಗ, ನಾವು ಲೋಕವನ್ನು ನೋಡಲು ಹೋಗದಿದ್ದರೆ ಸೌಜನ್ಯವೆನಿಸೀತೇ?

ದಾರಿ ತೋರಿಸುವ ಹಿರಿಯರು ಕನ್ನಡದಲ್ಲಿ ಅನೇಕರಿದ್ದಾರೆ. ಶಿವರಾಮ ಕಾರಂತರು 1936ರಲ್ಲಿಯೇ ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಕೊಟ್ಟರು. ಯೂರೋಪನ್ನು ಕಂಡು ಬಂದು 'ಅಪೂರ್ವ ಪಶ್ಚಿಮ'ವನ್ನು ಬರೆದರು. ಇಳಿವಯಸ್ಸಿನಲ್ಲಿ ಪ್ರವಾಸ ಹೋದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ 'ಅಮೆರಿಕದಲ್ಲಿ ಗೊರೂರು' 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ನೈಲ್ ನದಿಯನ್ನು ಕಾಣಬೇಕೆನ್ನುವವರಿಗೆ ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕವಿದೆ. ಕೊಳ್ಳಲು ಹಣವಿಲ್ಲವೆಂದು ಯಾರೂ ಹಿಂಜರಿಯಬೇಕಾಗಿಲ್ಲ. 2020ರಲ್ಲಿ ಪ್ರಾರಂಭವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯುವಂತಾಯಿತು.

ತಂದೆತಾಯಿಗಳೇ, ಈಗ ನಿಮಗೊಂದು ಮಾತು. ನಮ್ಮ ಸೀಮೆಯ ಅನೇಕ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ. ಮಗು ಓದುವಾಗ ತಡವರಿಸಿದರೆ ದಡ್ಡನೆಂದು ಬೈಯಬೇಡಿ. ಅದು ಎರಡು ಭಾಷೆಗಳ ಗಡಿಯನ್ನು ದಿನವೂ ದಾಟುತ್ತಿರುವ ಯಾತ್ರಿಕ. ಐದು ವಾಕ್ಯಗಳಲ್ಲಿ ಎರಡು ತೆಲುಗಿನಲ್ಲಿದ್ದರೂ ಮುದ್ರೆ ಬೀಳುತ್ತದೆ.

ಪ್ರೇಷಿತರ ಕಾರ್ಯಕಲಾಪಗಳ ಎಂಟನೆಯ ಅಧ್ಯಾಯವನ್ನು ನೆನೆಯಿರಿ. ಎಥಿಯೋಪಿಯಾದ ಅಧಿಕಾರಿಯೊಬ್ಬನು ರಥದಲ್ಲಿ ಕುಳಿತು, ಪ್ರಯಾಣ ಮಾಡುತ್ತಲೇ ಪ್ರವಾದಿ ಯೆಶಾಯನ ಗ್ರಂಥವನ್ನು ಓದುತ್ತಿದ್ದನು. ಓದಿದ್ದು ಅರ್ಥವಾಗುತ್ತಿದೆಯೇ ಎಂದು ಫಿಲಿಪ್ಪನು ವಿಚಾರಿಸಿದಾಗ, ತಿಳಿಸಿ ಹೇಳುವವರಿಲ್ಲದೆ ಹೇಗೆ ಅರ್ಥವಾದೀತು ಎಂದು ಅವನು ನಾಚಿಕೆಯಿಲ್ಲದೆ ಕೇಳಿದನು. ಫಿಲಿಪ್ಪನು ದಾರಿಯಲ್ಲಿ ನಿಂತು ಉಪದೇಶ ಮಾಡಲಿಲ್ಲ. ರಥವನ್ನೇರಿ ಪಕ್ಕದಲ್ಲಿ ಕುಳಿತನು. ನಿಮ್ಮಿಂದ ನಾವು ಬೇಡುವುದೂ ಇಷ್ಟೇ. ಸಂಜೆ ಅರ್ಧ ಗಂಟೆ ದೂರದರ್ಶನವನ್ನೂ ಮೊಬೈಲನ್ನೂ ನಿಲ್ಲಿಸಿ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿ. ನಿಮಗೆ ಅಕ್ಷರ ಬಾರದಿದ್ದರೂ ಚಿಂತೆಯಿಲ್ಲ, ಕೇಳುವ ಕಿವಿಯಿದ್ದರೆ ಸಾಕು.

ಮಕ್ಕಳೇ, ಸಂತ ಫ್ರಾನ್ಸಿಸ್ ಕ್ಸೇವಿಯರರು 1542ರಲ್ಲಿ ಗೋವೆಗೂ 1549ರಲ್ಲಿ ಜಪಾನಿಗೂ ಹಡಗಿನಲ್ಲಿ ಬಂದು ಇಳಿದರು. ಲಿಸ್ಯೂವಿನ ಸಂತ ತೆರೇಸಾ 15ರ ವಯಸ್ಸಿನಲ್ಲಿ ಕಾರ್ಮೆಲ್ ಮಠವನ್ನು ಹೊಕ್ಕವರು, 1897ರಲ್ಲಿ ಅಲ್ಲಿಯೇ ತೀರಿಕೊಂಡರು. ಆದರೂ ದೂರದೇಶಗಳ ಗುರುಗಳಿಗೆ ಪತ್ರ ಬರೆಯುತ್ತ, ಅವರಿಗಾಗಿ ಪ್ರಾರ್ಥಿಸುತ್ತ ಬಾಳಿದ ಆಕೆಯನ್ನು 1927ರಲ್ಲಿ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ಕ್ಸೇವಿಯರರ ಸಮಾನವಾಗಿ ಧರ್ಮಪ್ರಚಾರದ ಪಾಲಕಿಯೆಂದು ಸಾರಿದರು. ನಾಲ್ಕು ಗೋಡೆಗಳ ನಡುವೆ ಇದ್ದುಕೊಂಡೂ ಲೋಕವನ್ನೆಲ್ಲ ಹೃದಯದಲ್ಲಿ ಇಟ್ಟುಕೊಳ್ಳಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಪುಸ್ತಕಗಳು ಹರಿಯಲಿ, ಮಾಸಲಿ; ಹರಿದದ್ದನ್ನು ಅಂಟಿಸಲು ನಾವಿದ್ದೇವೆ. ಹಳೆಯ ಬೀಗದ ಕೈಯನ್ನು ಇಂದು ಈ ಖಾಲಿ ರಹದಾರಿಗಳ ಪಕ್ಕದಲ್ಲಿ ಇಟ್ಟಿದ್ದೇವೆ. ನಿಮ್ಮ ಪುಟಗಳು ತುಂಬಿದ ದಿನ ಅದನ್ನು ಬಾವಿಗೆ ಎಸೆಯೋಣ. ದೇವರು ನಿಮ್ಮ ಯಾತ್ರೆಯನ್ನು ಆಶೀರ್ವದಿಸಲಿ.