ಅರ್ಧ ದುರಸ್ತಿಯಾದ ಮೋಟಾರಿನ ಮಾರಾಟ

(ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯದ ಹೆಸರು ಕೇಳಿ ಕೆಲವರಿಗೆ ನಗು ಬಂದಿರಬಹುದು. ಕೋಣೆಯ ಬಾಡಿಗೆ, ಖಾನಾವಳಿಯ ಬಿಲ್ಲು, ಊರಿಗೆ ಕಳಿಸುವ ಹಣ, ಇವುಗಳ ಲೆಕ್ಕದಲ್ಲೇ ತಿಂಗಳು ಮುಗಿಸುವ ನಮಗೂ ವಿಲಾಯತಿಯ ಹಳೆಯ ಸ್ಪೋರ್ಟ್ಸ್ ಕಾರಿಗೂ ಎಲ್ಲಿಯ ಸಂಬಂಧ? ಸಂಬಂಧ ಉಂಟು. ಅಂಥ ಕಾರಿನ ಧಣಿಗಳು ನಾವಲ್ಲದಿರಬಹುದು. ಆದರೆ ಅದರ ಪತ್ರಾ ಬಡಿಯುವವನು, ಬಣ್ಣ ಹೊಡೆಯುವವನು, ಅದರ ಬಿಡಿ ಸಾಮಾನಿಗಾಗಿ ನಾನಾ ಪೇಟೆ, ಜೂನಾ ಬಜಾರುಗಳಲ್ಲಿ ಅಲೆಯುವವನು, ಅದರ ಕಾಗದಪತ್ರ ಹಿಡಿದು ಆರ್‌ಟಿಓ ಕಚೇರಿಯ ಸಾಲಿನಲ್ಲಿ ನಿಲ್ಲುವವನು ನಮ್ಮಂಥವನೇ. ಅಲ್ಲದೆ ನಾವು ನಮ್ಮ ಹಳೆಯ ಸ್ಕೂಟರನ್ನು ಮಾರಿದರೂ ಈ ಮಾತುಗಳಲ್ಲಿ ಬಹಳಷ್ಟು ಅನ್ವಯಿಸುತ್ತವೆ.

ಮೊದಲು ಈ ಕಾರು ಎಂಥದೆಂದು ನೋಡೋಣ. ಎಂ.ಜಿ. ಎಂಬ ಹೆಸರನ್ನು ತಾವು ಕೇಳಿರಬಹುದು. ಮಾರಿಸ್ ಗ್ಯಾರೇಜಸ್ ಎಂಬುದರ ಮೊದಲಕ್ಷರಗಳವು. ಇಂಗ್ಲೆಂಡಿನ ಆಕ್ಸ್‌ಫರ್ಡಿನ ಹತ್ತಿರದ ಆಬಿಂಗ್‌ಡನ್ ಊರಿನಲ್ಲಿ 1929ರಿಂದ 1980ರವರೆಗೆ ಅದರ ಕಾರ್ಖಾನೆ ನಡೆಯಿತು. ಅಲ್ಲಿ 1949ರಿಂದ 1953ರವರೆಗೆ ತಯಾರಾದ ಟಿ.ಡಿ. ಎಂಬ ಮಾದರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇಬ್ಬರೇ ಕೂಡುವ ಕಾರು. ಎಂಜಿನು 1250 ಸಿ.ಸಿ.; ಎರಡು ಎಸ್.ಯು. ಕಾರ್ಬುರೇಟರು. ಹೊರಗೆ ಉಕ್ಕಿನ ಪತ್ರಾ ಇದ್ದರೂ ಒಳಗಿನ ಬಾಡಿಯ ಚೌಕಟ್ಟು ಕಟ್ಟಿಗೆಯದು. ಪುಣೆಯ ನಾಲ್ಕು ಮಳೆಗಾಲ ಬಯಲಿನಲ್ಲಿ ನಿಂತರೆ ಆ ಕಟ್ಟಿಗೆಯ ಗತಿ ಏನಾದೀತೆಂದು ಯಾವ ಬಡಿಗನೂ ಹೇಳಬಲ್ಲ.

ಎಂಜಿನಿನದೂ ಒಂದು ಸೋಜಿಗ. ಅದರ ಬೋಲ್ಟುಗಳ ತಲೆ ಇಂಗ್ಲಿಷರ ವಿಟ್‌ವರ್ತ್ ಅಳತೆಯದು, ಥ್ರೆಡ್ ಮಾತ್ರ ಮೆಟ್ರಿಕ್. ಆ ಎಂಜಿನಿನ ಮೂಲ ವಂಶ ಫ್ರೆಂಚ್ ಹಾಚ್‌ಕಿಸ್ ಕಂಪನಿಯವರು ಇಂಗ್ಲೆಂಡಿನಲ್ಲಿ ನಡೆಸಿದ ಕಾರ್ಖಾನೆಗೆ ಸೇರಿದ್ದೇ ಇದಕ್ಕೆ ಕಾರಣ. ಬ್ಯಾಟರಿಯ ವಿಷಯವೂ ತಿರುಗು ಮುರುಗು: ಈಗಿನ ಕಾರುಗಳಲ್ಲಿ ಮೈನಸ್ ತುದಿಯನ್ನು ಬಾಡಿಗೆ ಕೂಡಿಸುತ್ತಾರೆ, ಇದರಲ್ಲಿ ಪ್ಲಸ್ ತುದಿಯನ್ನು. ಇಂಥ ಗುಟ್ಟುಗಳನ್ನು ಅರಿಯದೆ ಕೆಲಸಕ್ಕೆ ಕೈ ಹಾಕಿದವರಿಗೆ ಹಣವೂ ಹೋಗುತ್ತದೆ, ಹುಮ್ಮಸ್ಸೂ ಇಳಿಯುತ್ತದೆ. ಆಗ ಕಾರು ಅರ್ಧಕ್ಕೆ ನಿಲ್ಲುತ್ತದೆ. ಚಾಸಿ ಒಂದು ಕಡೆ, ಬಾಗಿಲು ಅಟ್ಟದ ಮೇಲೆ, ನಟ್ಟು ಬೋಲ್ಟು ಡಬ್ಬಿಯಲ್ಲಿ. ಕಡೆಗೆ ಮಾರಾಟದ ಮಾತು ಬರುತ್ತದೆ.

ಇಲ್ಲಿಯೇ ಮನುಷ್ಯನ ಪರೀಕ್ಷೆ. ದುರಸ್ತಿಗೆ ಒಂದು ಕ್ರಮವಿದೆ: ಮೊದಲು ಚಾಸಿ, ಆಮೇಲೆ ಕಟ್ಟಿಗೆಯ ಚೌಕಟ್ಟು, ಎಂಜಿನು, ಬ್ರೇಕು, ವೈರಿಂಗು, ಬಣ್ಣ ಮತ್ತು ಗಾದಿ ಕೊನೆಗೆ. ಆದರೆ ಮಾರುವ ಅವಸರದಲ್ಲಿ ಧಣಿ ಬಣ್ಣವನ್ನೇ ಮೊದಲು ಹೊಡೆಸಲು ಹೊರಡುತ್ತಾನೆ. ಲಡ್ಡಾದ ಕಟ್ಟಿಗೆಯ ಮೇಲೆ ಪತ್ರಾ, ತುಕ್ಕು ತಿಂದ ಪತ್ರಾದ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಕನ್ನಡಿಯಂಥ ಕೆಂಪು ಬಣ್ಣ. ಹೊಡೆಯುವ ಕೈ ನಮ್ಮ ಹುಡುಗನದು. ನಾಳೆ ಬೈಗುಳು ಬರುವುದೂ ಅವನಿಗೇ.

ಕಾಯಿದೆ ಏನು ಹೇಳುತ್ತದೆ? 1872ರ ಕರಾರು ಕಾಯಿದೆಯ 17ನೆಯ ಕಲಮಿನಲ್ಲಿ ಒಂದು ಕುದುರೆಯ ದೃಷ್ಟಾಂತವಿದೆ. ಕುದುರೆಗೆ ದೋಷವಿದೆಯೆಂದು ತಿಳಿದೂ ಮಾರುವವನು ಹರಾಜಿನಲ್ಲಿ ಸುಮ್ಮನಿದ್ದರೆ ಅದು ಮೋಸವಲ್ಲ. ಆದರೆ ಕೊಳ್ಳುವವನು, ‘ನೀವು ಅಲ್ಲವೆನ್ನದಿದ್ದರೆ ಕುದುರೆ ಸರಿಯಿದೆಯೆಂದು ತಿಳಿಯುತ್ತೇನೆ’ ಎಂದು ಹೇಳಿದ ಮೇಲೂ ಸುಮ್ಮನಿದ್ದರೆ, ಆ ಮೌನವೇ ಮಾತಾಗುತ್ತದೆ. ಇನ್ನು ದೋಷವನ್ನು ಬೇಕೆಂದೇ ಮುಚ್ಚಿಡುವುದಂತೂ ಆ ಕಲಮಿನ ಪ್ರಕಾರ ಮೋಸವೇ ಸರಿ. ಆದ್ದರಿಂದ ಕೊಳ್ಳುವವರು ಬಾಯಿಬಿಟ್ಟು ಕೇಳಬೇಕು. ಮಾರುವವರು ಕೇಳದಿದ್ದರೂ ಹೇಳಬೇಕು. ಮೌನ ಬಂಗಾರವೆಂಬ ಮಾತು ಮಾರಾಟದ ಕಟ್ಟೆಯಲ್ಲಿ ನಡೆಯಬಾರದು.

ಅರ್ಧ ದುರಸ್ತಿಯಾದ ಕಾರನ್ನು ಅರ್ಧ ದುರಸ್ತಿಯಾದದ್ದೆಂದೇ ಮಾರತಕ್ಕದ್ದು; ಇಂದು ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಬಣ್ಣಕ್ಕೆ ಮುಂಚೆ ನಿಲ್ಲಿಸಿದರೆ ಕೊಳ್ಳುವವನ ಕಣ್ಣಿಗೆ ಕೆಲಸ ಕಾಣುತ್ತದೆ. ಒಂದು ಹಾಳೆಯಲ್ಲಿ ಮೂರು ಪಟ್ಟಿ ಬರೆಯಿರಿ: ಆದ ಕೆಲಸ, ಆಗದ ಕೆಲಸ, ಕಳೆದುಹೋದ ಸಾಮಾನು. ಕೆಲಸ ನಡೆಯುವಾಗಿನ ಫೋಟೋ, ಅಂಗಡಿಯ ರಸೀದಿ ಜೊತೆಗಿಡಿ. ಬಿಡಿಸಿದ ಸಾಮಾನನ್ನು ಚೀಟಿ ಹಚ್ಚಿ ಡಬ್ಬಿಗೆ ಹಾಕಿರಿ. ಎಂಜಿನು ಬದಲಾಗಿದ್ದರೆ ಅದನ್ನೂ ಬರೆಯಿರಿ. ಟಿ.ಡಿ.ಯ ನಂತರ ಬಂದ ಎಂ.ಜಿ.ಎ. ಕಾರಿನ ಮೊದಲ ಎಂಜಿನು 1489 ಸಿ.ಸಿ.ಯದು, ನಮ್ಮ ಹಳೆಯ ಅಂಬಾಸಿಡರ್ ಎಂಜಿನೂ ಅದೇ ಕುಲದ್ದು. ಅಂಬಾಸಿಡರಿನದನ್ನು ಕೂರಿಸಿದರೆ ಕಾರು ಓಡೀತು. ಆದರೆ ಓಡುವುದು ಬೇರೆ, ಮೂಲದ್ದಾಗಿರುವುದು ಬೇರೆ.

ಈ ಭೇದಕ್ಕೆ ಈಗ ಸರಕಾರದ ಬೆಲೆಯೂ ಉಂಟು. 2021ರ ಜುಲೈಯಲ್ಲಿ ಕೇಂದ್ರ ಸರಕಾರವು ವಿಂಟೇಜ್ ವಾಹನಗಳಿಗೆಂದೇ ನಿಯಮ ಮಾಡಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಇಂಥ ವಾಹನ ಮಾರಿದರೆ ಇಬ್ಬರೂ 90 ದಿನಗಳೊಳಗೆ ಸಾರಿಗೆ ಇಲಾಖೆಗೆ ತಿಳಿಸಬೇಕು. ಎಂಜಿನಿನ ಸಂಗತಿ ಮುಚ್ಚಿಟ್ಟು ಮಾರಿದರೆ ಕೊಂಡವನಿಗೆ ಈ ನೋಂದಣಿಯೇ ಸಿಗದೆ ಹೋಗಬಹುದು.

ಸಾಮಾನ್ಯ ವಾಹನಗಳ ವಿಷಯ ಇನ್ನೂ ಹತ್ತಿರದ್ದು. 1988ರ ಮೋಟಾರು ವಾಹನ ಕಾಯಿದೆಯಂತೆ ರಾಜ್ಯದೊಳಗೇ ಮಾರಿದವನು 14 ದಿನಗಳಲ್ಲಿ ವರದಿ ಕೊಡಬೇಕು. ಅದಕ್ಕೆ 29 ಮತ್ತು 30ನೆಯ ಫಾರಂಗಳಿವೆ. ಫಾರಂಗೆ ಸಹಿ ಹಾಕಿ ಕೊಟ್ಟು, ‘ಹೆಸರು ಅವರೇ ಬದಲಿಸಿಕೊಳ್ಳುತ್ತಾರೆ’ ಎಂದು ಮರೆಯುವವರು ಬಹಳ. 2018ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಮೊಕದ್ದಮೆಯಲ್ಲಿ ಕಾರು ಕೈಯಿಂದ ಕೈಗೆ ಹಲವು ಸಲ ಮಾರಾಟವಾಗಿತ್ತು. ದಫ್ತರದಲ್ಲಿ ಮಾತ್ರ ಮೊದಲಿನವನ ಹೆಸರೇ ಉಳಿದಿತ್ತು. ಅಪಘಾತದ ಪರಿಹಾರಕ್ಕೆ ಅವನೇ ಹೊಣೆಯೆಂದು ತೀರ್ಪಾಯಿತು. ಸ್ಕೂಟರ್ ಮಾರಿ ಊರಿಗೆ ಹೋದವನಿಗೂ ಇದೇ ಅನ್ವಯ.

ಕೊನೆಗೆ ಬೆಲೆಯ ಮಾತು. ದುರಸ್ತಿಗೆ ಸುರಿದ ಹಣವೆಲ್ಲ ತಿರುಗಿ ಬರುವುದಿಲ್ಲ. ಕೊಳ್ಳುವವನು ಮುಂದೆ ತಾನು ಮಾಡಬೇಕಾದ ಖರ್ಚನ್ನು ಕಳೆದೇ ಬೆಲೆ ಕಟ್ಟುತ್ತಾನೆ. ಇದರಲ್ಲಿ ಸಿಟ್ಟಿಗೇಳುವುದೇನೂ ಇಲ್ಲ. ಅರ್ಧ ಕಟ್ಟಿದ ಮನೆಗೆ ಪೂರ್ತಿ ಮನೆಯ ಬೆಲೆ ಯಾರು ಕೊಟ್ಟಾರು? ಆದರೆ ಮಾಡಿದ ಅರ್ಧ ಕೆಲಸ ಶುದ್ಧವಾಗಿದ್ದು, ಅದರ ದಾಖಲೆಯೂ ಕೈಯಲ್ಲಿದ್ದರೆ, ಆ ಅರ್ಧಕ್ಕೆ ತಕ್ಕ ಬೆಲೆಯನ್ನು ಧೈರ್ಯದಿಂದ ಕೇಳಬಹುದು. ಗ್ಯಾರೇಜುಗಳಲ್ಲಿ ದುಡಿಯುವ ತರುಣರಿಗೆ ನನ್ನ ವಿನಂತಿ: ನೀವು ಮಾಡಿದ ಕೆಲಸವನ್ನು ತಾರೀಖು ಹಾಕಿ ಒಂದು ವಹಿಯಲ್ಲಿ ಬರೆದಿಡಿರಿ. ಧಣಿ ಬದಲಾದರೂ, ಯಾವ ಕೆಲಸ ನಿಮ್ಮದು, ಯಾವುದು ನಿಮ್ಮದಲ್ಲ ಎಂಬುದಕ್ಕೆ ಆ ವಹಿ ಸಾಕ್ಷಿ ನುಡಿಯುತ್ತದೆ.