ತೂಕದಿಂದ ಎಣಿಕೆಗೆ



ಗಂಗಾವತಿಯ ಅಕ್ಕಿಯ ಗಿರಣಿಗೆ ಬಂದ ಭತ್ತವನ್ನು ಯಾರೂ ಕಾಳುಕಾಳಾಗಿ ಎಣಿಸುವುದಿಲ್ಲ, ತೂಗುತ್ತಾರೆ. ಆದರೂ ಎಣಿಕೆಯೇ ಬೇಕೆಂಬವನಿಗೆ ದಾರಿಯುಂಟು. ಸಾವಿರ ಕಾಳು 20 ಗ್ರಾಂ ತೂಗುವುದೆಂದು ಇಟ್ಟುಕೊಂಡರೆ, 75 ಕಿಲೋ ತೂಗುವ ಚೀಲವೊಂದರಲ್ಲಿ ಮೂವತ್ತೇಳೂವರೆ ಲಕ್ಷ ಕಾಳುಗಳಿರಬೇಕಾಯಿತು. ಕುಷ್ಟಗಿ, ಯಲಬುರ್ಗಾಗಳ ಬೆದ್ದಲಿನಲ್ಲಿ ಬೆಳೆಯುವ ಸಜ್ಜೆಯಾದರೆ ಸಾವಿರ ಕಾಳಿನ ತೂಕವೇ ಬೇರೆ. ಎಣಿಕೆ ಒಂದೇ, ತೂಕ ಬೇರೆ. ರಸಾಯನಶಾಸ್ತ್ರದಲ್ಲಿ ‘ಮೋಲ್’ ಎನ್ನುವುದರ ಮರ್ಮವು ಇಷ್ಟೆ.

ರಸಾಯನಜ್ಞನು ಸಾವಿರಕ್ಕೆ ಬದಲಾಗಿ ಹಿಡಿದ ಸಂಖ್ಯೆಯು ಮಾತ್ರ ಭಯಂಕರವಾದುದು: ಸುಮಾರು 602 ಕೋಟಿಯ ಕೋಟಿಯ ಕೋಟಿ. ಇಟಲಿಯ ಅವೊಗಾಡ್ರೊ ಎಂಬ ಪಂಡಿತನ ಹೆಸರು ಇದಕ್ಕೆ ಸಂದಿದೆ, ಆತನು ಇದನ್ನು ಎಣಿಸಿದವನಲ್ಲದಿದ್ದರೂ. 2019ರಿಂದ ಇದರ ಬೆಲೆಯು ಸರ್ವದೇಶಸಮ್ಮತವಾಗಿ ಸ್ಥಿರಗೊಂಡಿದೆ. ಇಷ್ಟು ನೀರಿನ ಅಣುಗಳು ಕೂಡಿದರೆ 18 ಗ್ರಾಂ. ಇಷ್ಟೇ ಫ್ಲೋರೈಡ್ ಅಯಾನುಗಳು ಕೂಡಿದರೆ 19 ಗ್ರಾಂ. ಇರುವ ಗ್ರಾಮುಗಳನ್ನು ಆಯಾ ಅಂಕದಿಂದ ಭಾಗಿಸಿದರೆ ಮೋಲು. ಮೋಲನ್ನು ಆ ಮಹಾಸಂಖ್ಯೆಯಿಂದ ಗುಣಿಸಿದರೆ ಕಣಗಳ ಎಣಿಕೆ. ಹಿಂದಿರುಗುವಾಗ ಗುಣಾಕಾರ ಭಾಗಾಕಾರಗಳು ಅದಲುಬದಲಾಗುತ್ತವೆ.

ಫ್ಲೋರೈಡನ್ನು ನಾವು ವಿನೋದಕ್ಕಾಗಿ ಆರಿಸಿಕೊಂಡುದಲ್ಲ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ, ನೆಲದಡಿಯ ಕಲ್ಲಿನಿಂದ ಕರಗಿ ಬಂದ ಈ ವಸ್ತುವು ಮಿತಿಮೀರಿದೆ. ಮಕ್ಕಳ ಹಲ್ಲು ಕಂದುಗಟ್ಟುವುದಕ್ಕೂ, ಬಹುಕಾಲ ಕುಡಿದವರ ಮೂಳೆ ಕೀಲುಗಳು ಬಿಗಿಯುವುದಕ್ಕೂ ಇದೇ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯು ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಕಿವಿಗೆ ಅಲ್ಪವಾಗಿಯೇ ಕೇಳಿಸುತ್ತದೆ. ಏಳು ಲಕ್ಷ ನೀರಿನ ಅಣುಗಳ ನಡುವೆ ಒಂದು ಫ್ಲೋರೈಡ್ ಅಯಾನು ಇದ್ದಂತೆ. ಆದರೆ ಲೆಕ್ಕವನ್ನು ಮುಂದುವರಿಸೋಣ. 1.5 ಮಿಲಿಗ್ರಾಮನ್ನು 19ರಿಂದ ಭಾಗಿಸಿದರೆ ಒಂದು ಮಿಲಿಮೋಲಿನ ಹನ್ನೆರಡನೆಯ ಒಂದು ಪಾಲಿಗೂ ತುಸು ಕಡಿಮೆ. ಅಷ್ಟರೊಳಗೇ ಸುಮಾರು ನಾಲ್ಕೂಮುಕ್ಕಾಲು ಲಕ್ಷ ಕೋಟಿ ಕೋಟಿ ಅಯಾನುಗಳು! ಹಲ್ಲು ಮೂಳೆಗಳ ಖನಿಜದಲ್ಲಿ ಒಂದು ಹೈಡ್ರಾಕ್ಸಿಲ್ ಅಯಾನು ಎದ್ದ ಸ್ಥಳದಲ್ಲಿ ಒಂದು ಫ್ಲೋರೈಡ್ ಅಯಾನು ಕೂಡುತ್ತದೆ. ಅಲ್ಲಿಯ ವ್ಯವಹಾರ ತಲೆಗೆ ತಲೆ. ಆದುದರಿಂದ ತೂಕವೊಂದನ್ನೇ ತಿಳಿದರೆ ಸಾಲದು.

ಪರಿಹಾರದಲ್ಲಿಯೂ ಇದೇ ಲೆಕ್ಕ. ಸುಣ್ಣದ ಒಂದು ಕ್ಯಾಲ್ಸಿಯಂ ಅಯಾನು ಎರಡು ಫ್ಲೋರೈಡುಗಳನ್ನು ಹಿಡಿಯಬಲ್ಲದು. ಎಂದರೆ 40 ಗ್ರಾಮಿಗೆ 38 ಗ್ರಾಂ. ಹಾಗಾದರೆ ಚಿಟಿಕೆ ಸುಣ್ಣ ಸಾಕಲ್ಲವೆ ಎಂದು ಜಾಣ ವಿದ್ಯಾರ್ಥಿಯು ಕೇಳಿಯಾನು. ಸಾಲದು. ಹೀಗೆ ಹುಟ್ಟಿದ ವಸ್ತುವೂ ನೀರಿನಲ್ಲಿ ಕಿಂಚಿತ್ ಕರಗಿ, ಲೀಟರಿಗೆ ಸುಮಾರು 8 ಮಿಲಿಗ್ರಾಂ ಫ್ಲೋರೈಡನ್ನು ಉಳಿಸಬಲ್ಲದು. ನಲಗೊಂಡ ವಿಧಾನವೆಂದು ಪ್ರಸಿದ್ಧವಾದ ಕ್ರಮದಲ್ಲಿ ಸುಣ್ಣದೊಡನೆ ಪಟಿಕವನ್ನೂ ಬೆರೆಸಿ, ಗಸಿ ಇಳಿದ ಮೇಲೆ ತಿಳಿಯನ್ನು ಬಸಿಯುವುದು ಇದಕ್ಕಾಗಿಯೇ.

ಕಾಯಿಸಿದ ನೀರು ನಿರ್ದೋಷವೆಂಬ ನಂಬಿಕೆ ಮನೆಮನೆಯಲ್ಲಿಯೂ ಉಂಟು. ರೋಗಾಣುಗಳ ವಿಷಯದಲ್ಲಿ ಅದು ಸರಿ. ಫ್ಲೋರೈಡಾದರೋ ಆವಿಯೊಡನೆ ಏಳುವುದಿಲ್ಲ. ಆ ಒಂದು ಲೀಟರನ್ನು ಕುದಿಸಿ ಅರ್ಧಕ್ಕೆ ಇಳಿಸಿದರೆ, ಉಳಿದ ಅರ್ಧದಲ್ಲಿ ಅದೇ ನಾಲ್ಕೂಮುಕ್ಕಾಲು ಲಕ್ಷ ಕೋಟಿ ಕೋಟಿ ಅಯಾನುಗಳು ಇರುತ್ತವೆ. ಲೀಟರಿನ ಲೆಕ್ಕಕ್ಕೆ ಈಗ 3 ಮಿಲಿಗ್ರಾಂ.