ರಿಬ್ಬನ್ ಕತ್ತರಿಸಿದ ಮರುವರ್ಷ

ಇವತ್ತು ರಾಜಕೀಯ ಬೇಡ. ಯಾರು ದೆಹಲಿಗೆ ಹೋದರು, ಯಾರು ಬರಿಗೈಲಿ ವಾಪಸ್ ಬಂದರು, ಅದೆಲ್ಲ ಒಂಬತ್ತು ಗಂಟೆ ಸುದ್ದಿಯಲ್ಲಿ ಇದ್ದೇ ಇರುತ್ತೆ. ಇವತ್ತು ನಾನು ನನ್ನದೇ ಒಂದು ತಪ್ಪಿನಿಂದ ಮಾತು ಶುರು ಮಾಡ್ತೀನಿ.

ಹೆಬ್ಬಾಳ ಫ್ಲೈಓವರ್ ಇಳಿದು ಹೊರವರ್ತುಲ ರಸ್ತೆಯಲ್ಲಿ ನಾಗವಾರದ ಕಡೆ ಹೊರಟರೆ ಎಡಕ್ಕೆ ಕೆಂಪಾಪುರ ಸಿಗುತ್ತೆ. ನಿಮ್ಮಲ್ಲಿ ಎಷ್ಟೋ ಜನ ಅದನ್ನ ದಾಟಿಕೊಂಡೇ ದಿನಾ ಮಾನ್ಯತಾ ಟೆಕ್ ಪಾರ್ಕಿಗೆ ಹೋಗ್ತೀರಿ. ಒಂದು ಕಾಲಕ್ಕೆ ಹಳ್ಳಿ. ಈಗ ಪಿ.ಜಿ.ಗಳು, ಅಪಾರ್ಟ್‌ಮೆಂಟ್‌ಗಳು, ಕಾಲೇಜು, ದರ್ಶಿನಿ, ಮೊಬೈಲ್ ಅಂಗಡಿ. ಈ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರು, ಈಗ ಅದೇ ಕಟ್ಟಡದ ಮೆಟ್ಟಿಲು ಒರೆಸುವವರು, ಗೇಟಿನಲ್ಲಿ ನಿಂತು ನಿಮ್ಮ ಕಾರಿಗೆ ಸೆಲ್ಯೂಟ್ ಹೊಡೆಯುವವರು, ಅವರಲ್ಲಿ ಬಹಳ ಜನ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರು. ಅವರ ಮಕ್ಕಳು ಓದೋದು ಆ ಭಾಗದ ಸರ್ಕಾರಿ ಶಾಲೆಗಳಲ್ಲಿ.

ಎರಡು ವರ್ಷದ ಹಿಂದೆ ಅಂಥದ್ದೊಂದು ಶಾಲೆಗೆ ನನ್ನನ್ನ ಮುಖ್ಯ ಅತಿಥಿ ಅಂತ ಕರೆದಿದ್ದರು. ಒಂದು ಕಂಪನಿ ಹತ್ತು ಕಂಪ್ಯೂಟರ್, ಒಂದು ಪ್ರೊಜೆಕ್ಟರ್, ಒಂದು ಯು.ಪಿ.ಎಸ್. ಕೊಟ್ಟಿತ್ತು. ಬಲೂನು ಕಟ್ಟಿದ್ದರು. ನನಗೆ ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ನಾನು ರಿಬ್ಬನ್ ಕತ್ತರಿಸಿದೆ. "ಇವತ್ತು ಈ ಮಕ್ಕಳ ಭವಿಷ್ಯದ ಬಾಗಿಲು ತೆರೆಯಿತು" ಅಂತ ಭಾಷಣ ಹೊಡೆದೆ. ಫೋಟೋಗೋಸ್ಕರ ಮಕ್ಕಳು ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತಿದ್ದರು. ಅದು ಆವತ್ತು ನನ್ನ ಕಣ್ಣಿಗೆ ಬೀಳಲಿಲ್ಲ. ಇವತ್ತು ಆ ಫೋಟೋ ನೋಡಿದರೆ ಕಾಣೋದು ಅದೊಂದೇ.

ಹೋದ ತಿಂಗಳು ಆ ಶಾಲೆಯ ಮುಖ್ಯಶಿಕ್ಷಕಿ ಫೋನ್ ಮಾಡಿದರು. "ಸರ್, ಯು.ಪಿ.ಎಸ್. ಬ್ಯಾಟರಿ ಸತ್ತು ಎಂಟು ತಿಂಗಳಾಯ್ತು. ಕಂಪ್ಯೂಟರ್ ರೂಮಿಗೆ ಬೀಗ ಹಾಕಿದೀವಿ" ಅಂದರು. "ಕಂಪನಿಯವರಿಗೆ ಹೇಳಿ ಮೇಡಂ" ಅಂದೆ. "ಅಲ್ಲಿದ್ದ ಮ್ಯಾನೇಜರ್ ಕೆಲಸ ಬಿಟ್ಟಿದಾರೆ ಸರ್. ಈಗಿರೋರು, ಈ ವರ್ಷ ನಮ್ಮ ಪ್ರಾಜೆಕ್ಟ್ ಬೇರೆ ಜಿಲ್ಲೆಗೆ ಹೋಗಿದೆ ಅಂತಾರೆ. ಇಲಾಖೆಯಲ್ಲಿ ಕೇಳಿದ್ರೆ, ಇದು ನಾವು ಕೊಟ್ಟ ಸಾಮಾನಲ್ಲ ಅಂತಾರೆ. ರಿಬ್ಬನ್ ಕಟ್ ಮಾಡಿದ್ದು ನೀವಲ್ವಾ, ಅದಕ್ಕೇ ನಿಮಗೇ ಫೋನ್ ಮಾಡ್ದೆ."

ನನ್ನ ಹತ್ತಿರ ಉತ್ತರ ಇರಲಿಲ್ಲ. ದಿನಾ ರಾತ್ರಿ ಮಂತ್ರಿಗಳಿಗೆ "ಉತ್ತರ ಕೊಡಿ" ಅಂತ ಗದರಿಸುವ ನನ್ನ ಹತ್ತಿರ ಉತ್ತರ ಇರಲಿಲ್ಲ.

ನೋಡಿ, ದುಡ್ಡಿಲ್ಲ ಅನ್ನೋದು ಇಲ್ಲಿ ಸಮಸ್ಯೆಯೇ ಅಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಇದೆ. 500 ಕೋಟಿ ನಿವ್ವಳ ಆಸ್ತಿ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದಿದ್ದರೂ ಸಾಕು, ಆ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಕನಿಷ್ಠ ಶೇಕಡಾ 2ರಷ್ಟನ್ನ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ತಾನು ಕೆಲಸ ಮಾಡುವ ಸ್ಥಳದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತಲೂ ಅದೇ ಕಲಂ ಹೇಳುತ್ತೆ. ಒಂದು ಯೋಜನೆಯನ್ನ ಅದು ಶುರುವಾದ ವರ್ಷ ಬಿಟ್ಟು ಮುಂದೆ ಮೂರು ವರ್ಷದವರೆಗೂ ನಡೆಸೋಕೆ ನಿಯಮದಲ್ಲಿ ಅವಕಾಶ ಇದೆ. ಅಂದರೆ "ಈ ವರ್ಷ ನಿಮ್ಮ ಊರು, ಮುಂದಿನ ವರ್ಷ ಇನ್ನೊಂದು ಊರು" ಅನ್ನೋದು ಕಾನೂನು ಹೇಳಿದ ಮಾತಲ್ಲ. ನಾವು ರೂಢಿ ಮಾಡಿಕೊಂಡ ಚಾಳಿ.

ಹಾಗಾದರೆ ಇನ್ನೊಂದು ಕಡೆ ಏನಿದೆ? ಶಾಲೆಯಲ್ಲಿ ಎಸ್.ಡಿ.ಎಂ.ಸಿ. ಇದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಕರ್ನಾಟಕ ಇದನ್ನ 2001ರಲ್ಲೇ ಮಾಡಿತು, ಶಿಕ್ಷಣ ಹಕ್ಕು ಕಾಯ್ದೆ ಬರೋದಕ್ಕೂ ಎಷ್ಟೋ ವರ್ಷ ಮೊದಲು. 2009ರ ಆ ಕಾಯ್ದೆ ಪ್ರಕಾರ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆ ತಾಯಿಯರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಗೆ ಏನೇನು ಬೇಕು ಅಂತ ಅಭಿವೃದ್ಧಿ ಯೋಜನೆ ಬರೆಯೋದು ಈ ಸಮಿತಿಯ ಕೆಲಸ. ಆವತ್ತು ನನ್ನ ಸಮಾರಂಭದಲ್ಲಿ ಈ ಸಮಿತಿಯ ಅಧ್ಯಕ್ಷೆ ಎಲ್ಲಿದ್ದರು ಗೊತ್ತಾ? ಕೊನೇ ಸಾಲಿನಲ್ಲಿ, ಗೋಡೆಗೆ ಒರಗಿ ನಿಂತಿದ್ದರು. ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಹೌಸ್‌ಕೀಪಿಂಗ್ ಮಾಡುವ ಹೆಣ್ಣುಮಗಳು. ಅರ್ಧ ದಿನದ ಸಂಬಳ ಬಿಟ್ಟು ಬಂದಿದ್ದರು. ವೇದಿಕೆ ಮೇಲೆ ಅವರಿಗೆ ಒಂದು ಕುರ್ಚಿ ಇರಲಿಲ್ಲ. ಶಾಲೆಗೆ ಏನು ಬೇಕು ಅಂತ ಅವರನ್ನ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಈ ಸಲ ಹೋದೆ. ಕ್ಯಾಮೆರಾ ಇಲ್ಲದೆ, ಎಸ್.ಡಿ.ಎಂ.ಸಿ. ಸಭೆಗೆ ಹೋಗಿ ಕೂತೆ. ಆ ತಾಯಿ ಹೇಳಿದ ಮಾತು ಕೇಳಿ. "ಕಂಪ್ಯೂಟರ್ ಬೇಡ ಅಂತ ಅಲ್ಲ ಸಾರ್. ಅದೂ ಬೇಕು. ಆದ್ರೆ ಸ್ಕೂಲು ಬಿಡೋದು ನಾಲ್ಕಕ್ಕೆ, ನಾವು ಕೆಲಸ ಮುಗಿಸಿ ಬರೋದು ಏಳಕ್ಕೆ. ಆ ಮೂರು ಗಂಟೆ ನಮ್ಮ ಮಕ್ಕಳು ಎಲ್ಲಿರಬೇಕು?"

ಎಲ್ಲಿರ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಬೀದಿಯಲ್ಲಿರ್ತಾರೆ. ಸರ್ವಿಸ್ ರೋಡಿನ ಪಕ್ಕದಲ್ಲಿ ಆಡ್ತಿರ್ತಾರೆ. ದೊಡ್ಡ ಹುಡುಗಿಯಾದರೆ ತಮ್ಮ ತಂಗಿಯರನ್ನ ಇಟ್ಟುಕೊಂಡು ಒಂದೇ ರೂಮಿನ ಮನೆಯೊಳಗೆ ಚಿಲಕ ಹಾಕಿಕೊಂಡು ಕೂತಿರ್ತಾಳೆ. ಹತ್ತು ಕಂಪ್ಯೂಟರ್ ಕೊಟ್ಟ ಕಂಪನಿಗೆ ಇದು ಗೊತ್ತಾಗಲಿಲ್ಲ. ಯಾಕೆಂದರೆ ಅವರು ಕೊಡೋಕೆ ಬಂದಿದ್ದರು, ಕೇಳೋಕೆ ಬಂದಿರಲಿಲ್ಲ.

ಕೊಡುಗೆಗೂ ಪಾಲುದಾರಿಕೆಗೂ ಇರುವ ವ್ಯತ್ಯಾಸ ಇಷ್ಟೇ. ಕೊಡುಗೆ ಒಂದು ದಿನದ್ದು. ಪಾಲುದಾರಿಕೆ ಗೊತ್ತಾಗೋದು ಎರಡನೇ ವರ್ಷದಲ್ಲಿ. ಬ್ಯಾಟರಿ ಸತ್ತಾಗ ಫೋನ್ ಎತ್ತೋರು ಯಾರಾದರೂ ಇದ್ದರೆ ಅದು ಪಾಲುದಾರಿಕೆ.

ಇದು ನಮಗೆ ಹೊಸದಲ್ಲ ಸ್ವಾಮಿ. ನಿಮ್ಮ ಅಜ್ಜಂದಿರನ್ನ ಕೇಳಿ, ವಾರಾನ್ನ ಅಂತ ಇತ್ತು. ಓದೋಕೆ ಊರು ಬಿಟ್ಟು ಬಂದ ಬಡ ಹುಡುಗನಿಗೆ ಸೋಮವಾರ ಒಂದು ಮನೇಲಿ ಊಟ, ಮಂಗಳವಾರ ಇನ್ನೊಂದು ಮನೇಲಿ. ಆ ಪದ್ಧತಿಯಲ್ಲಿ ಜಾತಿಯ ಗೋಡೆ ಇತ್ತು, ಎಲ್ಲ ಮಕ್ಕಳಿಗೂ ಎಲ್ಲ ಮನೆಯ ಬಾಗಿಲು ತೆರೀತಿರಲಿಲ್ಲ. ಅದನ್ನ ಮುಚ್ಚಿಡೋದು ಬೇಡ. ಆದರೆ ಅದರಲ್ಲಿ ಕಲಿಯೋದು ಒಂದಿದೆ. ಮಂಗಳವಾರದ ಮನೆಯವರಿಗೆ ಮಂಗಳವಾರ ತಮ್ಮದು ಅಂತ ಗೊತ್ತಿತ್ತು. ಮಾತು ಕೊಟ್ಟಿದ್ದಕ್ಕೆ ಒಂದು ದಿನ ಇತ್ತು, ಒಂದು ಮನೆ ಇತ್ತು. ಬೆಳಗಾವಿಯಲ್ಲಿ 1916ರಲ್ಲಿ ಏಳು ಜನ ಮೇಷ್ಟ್ರುಗಳು ಸೇರಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಮೇಷ್ಟ್ರುಗಳು ದುಡಿದರು, ದಾನಿಗಳು ಬೆನ್ನಿಗೆ ನಿಂತರು. ಆ ಸಂಸ್ಥೆ ನೂರು ವರ್ಷ ದಾಟಿ ನಡೀತಿದೆ.

ನಮ್ಮ ಕಾಲದ ಉದಾಹರಣೆ ಬೇಕಾ? ಊಟದ್ದೇ ತಗೊಳ್ಳಿ. 2000ದಲ್ಲಿ ಅಕ್ಷಯ ಪಾತ್ರ ಬೆಂಗಳೂರಿನ ಐದು ಸರ್ಕಾರಿ ಶಾಲೆಗಳ 1,500 ಮಕ್ಕಳಿಗೆ ಮಧ್ಯಾಹ್ನದ ಊಟ ಕೊಡೋಕೆ ಶುರು ಮಾಡಿತು. 2001ರ ನವೆಂಬರ್‌ನಲ್ಲಿ, ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಿ ಅಂತ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಆದೇಶ ಮಾಡಿತು. 2002ರಲ್ಲಿ ಕರ್ನಾಟಕದಲ್ಲಿ ಅಕ್ಷರ ದಾಸೋಹ ಬಂತು. ಮುಂದೆ 2024ರ ಜುಲೈನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ವಾರಕ್ಕೆ ಎರಡು ದಿನ ಸರ್ಕಾರ ಮೊಟ್ಟೆ ಕೊಡ್ತಿತ್ತು, ಉಳಿದ ನಾಲ್ಕು ದಿನ ನಾವು ಕೊಡ್ತೀವಿ ಅಂದರು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಸುಮಾರು 55 ಲಕ್ಷ ಮಕ್ಕಳಿಗೆ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಮೊಟ್ಟೆ ಮೇಲೆ ಹೆಸರು ಕೆತ್ತಿಸೋಕಾಗಲ್ಲ, ಗಮನಿಸಿ. ತಿಂದರೆ ಮುಗಿಯಿತು. ನಾಳೆ ಮತ್ತೆ ಬೇಕು. ಅಂಥ ನಾಳೆಯ ಖರ್ಚಿಗೆ ಹೆಗಲು ಕೊಟ್ಟರಲ್ಲ, ಅದು ದೊಡ್ಡದು.

ಅಷ್ಟು ದೊಡ್ಡ ಕೆಲಸದಲ್ಲೂ ಒಂದು ಕೊರತೆ ಕಾಣಿಸಿತು. ಒಂದು ಮೊಟ್ಟೆಗೆ ಆರು ರೂಪಾಯಿ ಅಂತ ಲೆಕ್ಕ. ಕೊಳ್ಳೋದು, ಸಾಗಿಸೋದು, ಬೇಯಿಸೋದು, ಸುಲಿಯೋದು ಎಲ್ಲ ಅದರೊಳಗೇ. ಮಾರುಕಟ್ಟೆಯಲ್ಲಿ ಮೊಟ್ಟೆ ಬೆಲೆ ಏರಿದಾಗ ಮಿಕ್ಕ ದುಡ್ಡು ನಾವು ಜೇಬಿನಿಂದ ಹಾಕಬೇಕಾಗಿದೆ ಅಂತ ಮುಖ್ಯಶಿಕ್ಷಕರು ದೂರಿದರು. ಆ ಸುದ್ದಿ ನಾವೂ ಓದಿದೀವಿ. ಮೇಲೆ ಕೂತು ಒಪ್ಪಂದ ಬರೆದರೂ ಕೊನೇ ಮೈಲಿಯಲ್ಲಿ ನಿಂತವರು ಏನು ಹೇಳ್ತಾರೆ ಅಂತ ತಿಂಗಳು ತಿಂಗಳು ಕೇಳುವ ವ್ಯವಸ್ಥೆ ಬೇಕು ಅನ್ನೋದಕ್ಕೆ ಇದಕ್ಕಿಂತ ಪಾಠ ಬೇಕಾ?

ಈಗ ಮತ್ತೆ ಕೆಂಪಾಪುರಕ್ಕೆ ಬರೋಣ. ಸಭೆ ಮುಗಿಸಿ ಹೊರಗೆ ಬಂದೆ. ಶಾಲೆಯಿಂದ ಇನ್ನೂರು ಹೆಜ್ಜೆ ದೂರದಲ್ಲಿ ಒಂದು ಬ್ಯಾಟರಿ ಅಂಗಡಿ. ವಿಷಯ ಹೇಳಿದೆ. ಅಂಗಡಿಯವರು ನನ್ನ ಮುಖ ನೋಡಿದರು. "ನಾನು ಅದೇ ಸ್ಕೂಲಲ್ಲಿ ಏಳನೇ ಕ್ಲಾಸ್ ತನಕ ಓದಿದ್ದು ಸಾರ್. ಅಸಲು ಬೆಲೆಗೆ ಹಾಕಿ ಕೊಡ್ತಿದ್ದೆ. ಯಾರೂ ಬಂದು ಕೇಳಲೇ ಇಲ್ಲ" ಅಂದರು. ಮರುದಿನವೇ ಹುಡುಗನನ್ನ ಕಳಿಸಿ ಹೊಸ ಬ್ಯಾಟರಿ ಹಾಕಿಸಿದರು. ಎಂಟು ತಿಂಗಳು ಬೀಗ ಬಿದ್ದಿದ್ದ ರೂಮು, ಇನ್ನೂರು ಹೆಜ್ಜೆ ನಡೆದಿದ್ದರೆ ತೆರೀತಿತ್ತು. ಉದ್ಯಮ ಅಂದರೆ ಗಾಜಿನ ಕಟ್ಟಡ ಮಾತ್ರ ಅಂತ ನಾವು ಅಂದುಕೊಂಡಿದೀವಿ. ಬ್ಯಾಟರಿ ಅಂಗಡಿಯೂ ಉದ್ಯಮವೇ. ಬೇಕರಿ, ಜೆರಾಕ್ಸ್ ಅಂಗಡಿ, ಮೆಡಿಕಲ್ ಸ್ಟೋರು, ಎಲ್ಲವೂ.

ಬ್ಯಾಟರಿ ಆಯ್ತು. ಆ ಮೂರು ಗಂಟೆ? ಅದಕ್ಕೆ ನಾಲ್ಕು ಜನ ಸೇರಬೇಕು. ಶಾಲೆ ಒಂದು ಕೋಣೆಯ ಬೀಗದ ಕೈ ಕೊಡಬೇಕು, ಇಲಾಖೆಯಿಂದ ಅನುಮತಿ ತರಬೇಕು. ಕಂಪನಿ ಕಟ್ಟಡ ಕಟ್ಟೋದು ಬೇಡ, ಸಂಜೆ ಏಳರ ತನಕ ಮಕ್ಕಳನ್ನ ನೋಡಿಕೊಳ್ಳೋ ಒಬ್ಬ ಆಯಾ, ಒಬ್ಬ ಟೀಚರ್, ಇಬ್ಬರ ಸಂಬಳ ಮೂರು ವರ್ಷ ಕೊಡಲಿ. ಸುತ್ತಲಿನ ಅಪಾರ್ಟ್‌ಮೆಂಟ್ ಸಂಘಗಳಲ್ಲಿ ರಿಟೈರ್ ಆದ ಬ್ಯಾಂಕಿನವರಿದ್ದಾರೆ, ಲೆಕ್ಚರರ್‌ಗಳಿದ್ದಾರೆ. ವಾರಕ್ಕೆ ಒಂದು ಸಂಜೆ, ವಾರಾನ್ನದ ಹಾಗೆ ದಿನ ಗೊತ್ತು ಮಾಡಿಕೊಂಡು ಬಂದು ಲೆಕ್ಕ ಹೇಳಿಕೊಡಲಿ. ಬರೋರ ಪೂರ್ವಾಪರ ಪೊಲೀಸ್ ಪರಿಶೀಲನೆ ಆಗಲೇಬೇಕು, ಮಕ್ಕಳ ವಿಷಯ ಇದು. ಇನ್ನು ಎಸ್.ಡಿ.ಎಂ.ಸಿ. ಇದೆಲ್ಲವನ್ನ ನಡಾವಳಿ ಪುಸ್ತಕದಲ್ಲಿ ಬರೆದು, ತಿಂಗಳಿಗೊಮ್ಮೆ ಕೂತು, ಯಾರು ಬಂದರು, ಯಾರು ಬರಲಿಲ್ಲ ಅಂತ ನೋಡಬೇಕು. ಕೊಟ್ಟವರೂ ಆ ಸಮಿತಿಗೇ ಉತ್ತರ ಹೇಳಬೇಕು. ಕೊನೇ ಸಾಲಿನಲ್ಲಿ ನಿಂತಿದ್ದ ಆ ತಾಯಿಗೆ.

ಕಾಗದ ತಯಾರಾಗಿದೆ. ಎಸ್.ಡಿ.ಎಂ.ಸಿ. ನಿರ್ಣಯ ಮಾಡಿ, ಸಹಿ ಹಾಕಿ, ಒಂದು ಪ್ರತಿ ಇಲಾಖೆಗೆ, ಒಂದು ಕಂಪನಿಗೆ, ಮೂರು ಪ್ರತಿ ಮೂರು ಅಪಾರ್ಟ್‌ಮೆಂಟ್ ಸಂಘಗಳಿಗೆ ಕಳಿಸಿದ್ದಾರೆ. ಒಂದು ಸಂಘದಿಂದ ಇಬ್ಬರು ಹಿರಿಯರು ಬರ್ತೀವಿ ಅಂದಿದ್ದಾರೆ. ಕಂಪನಿಯವರು "ಮುಂದಿನ ಬಜೆಟ್‌ನಲ್ಲಿ ನೋಡ್ತೀವಿ" ಅಂದಿದ್ದಾರೆ. ಇಲಾಖೆಯಿಂದ ಉತ್ತರ ಇನ್ನೂ ಬಂದಿಲ್ಲ. ಇದು ಇವತ್ತಿನ ಸ್ಥಿತಿ. ಬಣ್ಣ ಹಚ್ಚಿ ಹೇಳೋಕೆ ನನ್ನ ಹತ್ತಿರ ಏನಿಲ್ಲ.

ನೀವು ಎಲ್ಲೇ ಇರಿ, ಕೆಂಪಾಪುರದಲ್ಲಿರಿ, ಯಲಹಂಕದಲ್ಲಿರಿ, ಹಾವೇರಿಯಲ್ಲಿರಿ, ನಿಮ್ಮ ಮನೆ ಹತ್ತಿರದ ಸರ್ಕಾರಿ ಶಾಲೆಗೆ ಒಂದು ಸಲ ಹೋಗಿ. ಕೈಯಲ್ಲಿ ಏನನ್ನೂ ಹಿಡಿದುಕೊಂಡು ಹೋಗಬೇಡಿ. ಎಸ್.ಡಿ.ಎಂ.ಸಿ. ಅಧ್ಯಕ್ಷರು ಯಾರು ಅಂತ ವಿಚಾರಿಸಿ. ಏನು ಬೇಕು ಅಂತ ಕೇಳಿ. ಕೇಳಿದ ಮೇಲೆ, ಮುಂದಿನ ವರ್ಷವೂ ಮಾಡೋಕಾಗುವಂಥದ್ದನ್ನ ಮಾತ್ರ ಒಪ್ಪಿಕೊಳ್ಳಿ.

ನನ್ನ ಪಾಲಿನದ್ದನ್ನ ಇಲ್ಲೇ, ನಿಮ್ಮ ಮುಂದೆ ಹೇಳ್ತೀನಿ. ಇನ್ಮುಂದೆ ಶಾಲೆಯ ಉದ್ಘಾಟನೆಗೆ ಕರೆದರೆ ನಾನು ಬರಲ್ಲ. ಮರುವರ್ಷ ಕರೀರಿ, ಬರ್ತೀನಿ. ಆ ರೂಮಿಗೆ ಬೀಗ ಬಿದ್ದಿದೆಯಾ, ತೆರೆದಿದೆಯಾ ನೋಡೋಣ.